ಒಂದೇ ರೇಡಿಯೊ ಇದ್ದ ಮನೆಯಿಂದ

ಪ್ರೀತಿಯ ಗೆಳೆಯಾ,

ಇಲ್ಲಿ ಮೂರು ದಿನದಿಂದ ಬಿಡದೆ ಮಳೆ. ಎಲ್ಲೋ ಮರ ಬಿದ್ದು ಲೈನು ಕಡಿದು ಹೋಗಿದೆ, ಕರೆಂಟಿಲ್ಲ. ಫೋನ್ ಕೂಡ ಸತ್ತಿದೆ. ಹಾಗಾಗಿ ಕಾಗದದ ಮೇಲೇ ಬರೆಯುತ್ತಿದ್ದೇನೆ, ಕರೆಂಟು ಬಂದ ಮೇಲೆ ಟೈಪ್ ಮಾಡಿ ಹಾಕುತ್ತೇನೆ. ನಿನ್ನೆ ರಾತ್ರಿ ನಮ್ಮನೆಯಲ್ಲಿ ನಡೆದದ್ದನ್ನು ನಿನಗೆ ಹೇಳದಿದ್ದರೆ ಸಮಾಧಾನ ಇಲ್ಲ ಮಾರಾಯ.

ಮಗಳು ಬೆಂಗಳೂರಿನಿಂದ ಬಂದಿದ್ದಾಳೆ. ಬಂದಾಗಿನಿಂದ ಕಿವಿಯಲ್ಲಿ ಇಯರ್‌ಫೋನ್. ಊಟಕ್ಕೆ ಕೂತಾಗ ಮಾತ್ರ ತೆಗೀತಾಳೆ. ಮೊನ್ನೆ ಜಗಲಿಯಲ್ಲಿ ಪಕ್ಕ ಕೂತು, ಏನು ಕೇಳ್ತಿದ್ದೀಯ ಮಗಾ ಅಂದೆ. ಒಂದು ಕಡೆಯದನ್ನು ತೆಗೆದು ನನ್ನ ಕಿವಿಗಿಟ್ಟಳು. ಮಾತಿಲ್ಲದ ಸಂಗೀತ. ನಿಧಾನದ ತಾಳ, ಪಿಯಾನೋದ ಮೂರ್ನಾಲ್ಕು ಸ್ವರ ಮತ್ತೆ ಮತ್ತೆ, ಅದರ ಹಿಂದೆ ಹಳೇ ಗ್ರಾಮಫೋನ್ ತಟ್ಟೆಯ ಚರಚರ ಸದ್ದು, ಅದರ ಜೊತೆಗೆ ಮಳೆ ಸುರಿಯುವ ಸದ್ದು. ಲೋ-ಫೈ ಅಂತಾರಂತೆ. ಹೊರಗೆ ಇಷ್ಟು ಮಳೆ ಹೊಯ್ಯುತ್ತಿದೆ, ಕಿವಿಯೊಳಗೂ ಮಳೆ ಯಾಕೆ ಅಂತ ಕೇಳಿದೆ. "ಅಪ್ಪಾ, ಪಿಜಿಯಲ್ಲಿ ನಿದ್ದೆ ಬರದಿದ್ದಾಗ ಇದನ್ನೇ ಹಾಕ್ಕೋತೀನಿ. ಮನೇಲಿ ಇದ್ದ ಹಾಗೆ ಅನ್ಸುತ್ತೆ" ಅಂದಳು. ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ಆ ಚರಚರ ಸದ್ದು ನೆನಪಿದೆಯಲ್ಲ ನಿನಗೆ? ನಮ್ಮಪ್ಪ ಅದನ್ನು ಹೋಗಲಾಡಿಸೋಕೆ ರೇಡಿಯೊದ ಮುಳ್ಳನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಾ ಎಷ್ಟು ಹೊತ್ತು ನಿಂತಿರುತ್ತಿದ್ದರು! ಭದ್ರಾವತಿ ಆಕಾಶವಾಣಿ ಸರಿಯಾಗಿ ಸಿಕ್ಕಿತು ಅಂದರೆ ಯಾರೂ ಅದನ್ನು ಮುಟ್ಟುವ ಹಾಗಿಲ್ಲ. ನಾವು ಬೇಡ ಅಂತ ಓಡಿಸಿದ ಸದ್ದೇ ಈ ಮಕ್ಕಳಿಗೆ ಈಗ ಹಿತವಾಗಿದೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ಸಂಗೀತ ನನಗೂ ಹಿಡಿಸಿತು, ನಿಜವಾಗಿ ಹೇಳ್ತಿದ್ದೇನೆ.

ನಮ್ಮನೆಯಲ್ಲಿ ಒಬ್ಬರಿಗೆ ಸೇರಿದ್ದು ಇನ್ನೊಬ್ಬರಿಗೆ ಸೇರಿದ್ದೇ ಇಲ್ಲ. ಅಜ್ಜನಿಗೆ ಯಕ್ಷಗಾನದ ಚೆಂಡೆ ಬೇಕು, ಭಾಗವತರ ಏರುದನಿ ಬೇಕು. ಅಪ್ಪನಿಗೆ ರಾಜ್‌ಕುಮಾರ್‌ಗೆ ಹಿನ್ನೆಲೆಯಲ್ಲಿ ಹಾಡುತ್ತಿದ್ದ ಪಿ.ಬಿ. ಶ್ರೀನಿವಾಸ್. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದ ಮೇಲೆ ರಾಜ್‌ಕುಮಾರ್ ತಮ್ಮ ಪಾತ್ರಗಳಿಗೆ ತಾವೇ ಹಾಡತೊಡಗಿದರಲ್ಲ, ಅಪ್ಪನಿಗೆ ಅದು ಒಗ್ಗಲು ವರ್ಷಗಳೇ ಬೇಕಾದವು. ಚಿಕ್ಕಪ್ಪನಿಗೆ ಅಣ್ಣಾವ್ರ ದನಿಯೇ ದನಿ. ಎಂಟೇ ವರ್ಷ ಅಂತರದ ಅಣ್ಣತಮ್ಮಂದಿರು ಇದೇ ವಿಷಯಕ್ಕೆ ಮಾತು ಬಿಟ್ಟದ್ದೂ ಉಂಟು. ಆಮೇಲೆ ನಾನು ಭಾವಗೀತೆ ಹಿಡಿದುಕೊಂಡೆ. "ಇದೆಂಥ ಹಾಡಾ, ಜೋಗುಳ ಇದ್ದ ಹಾಗಿದೆ" ಅಂತಿದ್ದರು ಅಜ್ಜ.

ಆದರೆ ನನಗೆ ಆ ಸುಗಮ ಸಂಗೀತವೇ ಬೇಕಿತ್ತು. ಅದರಲ್ಲಿ ಗಾಯಕ ತನ್ನ ಗಂಟಲು ಎಷ್ಟು ಹರಿದಾಡುತ್ತೆ ಅಂತ ತೋರಿಸುವುದಿಲ್ಲ. ಕವಿಯ ಮಾತು ಒಂದೊಂದೂ ಕೇಳಬೇಕು, ರಾಗ ಅದರ ಕೈ ಹಿಡಿದು ನಡೆಯಬೇಕು. ಕವಿ ನಿಸಾರ್ ಅಹಮದ್ ಶಿವಮೊಗ್ಗದ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದವರು. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ನಿಸಾರರ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದಾಗ, ಜೋಗವೂ ತುಂಗೆಯೂ ಹಾಡಿನೊಳಗೆ ಬಂದು ಕೂತವು. ನಮ್ಮ ಜಿಲ್ಲೆಯ ನಗರ ಅನ್ನೋ ಊರಿನಲ್ಲಿ ಹುಟ್ಟಿದ ಗಾಯಕ ಶಿವಮೊಗ್ಗ ಸುಬ್ಬಣ್ಣ 'ಕಾಡು ಕುದುರೆ' ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದರು. ಹಿನ್ನೆಲೆ ಗಾಯನಕ್ಕೆ ಕನ್ನಡಕ್ಕೆ ಬಂದ ಮೊದಲ ರಾಷ್ಟ್ರಪ್ರಶಸ್ತಿ ಅದು. 2022ರ ಆಗಸ್ಟಿನಲ್ಲಿ ಅವರು ಹೋದ ದಿನ ನಾನು ತೋಟಕ್ಕೆ ಹೋಗಲೇ ಇಲ್ಲ, ಸುಮ್ನೆ ಕೂತಿದ್ದೆ.

ಇಷ್ಟೆಲ್ಲ ಬೇರೆ ಬೇರೆ ರುಚಿ ಇದ್ದರೂ ನನಗೆ ಅಪ್ಪನ ಹಾಡುಗಳೆಲ್ಲ ಬಾಯಿಗೆ ಬರುತ್ತವೆ. ಯಾಕೆ ಅಂದರೆ ಮನೆಯಲ್ಲಿ ಇದ್ದದ್ದು ಒಂದೇ ರೇಡಿಯೊ. ಅಡಿಕೆ ಸುಲಿಯುವ ರಾತ್ರಿಗಳು ನೆನಪು ಮಾಡಿಕೊ. ಮೆಟ್ಟುಗತ್ತಿ ಹಾಕಿಕೊಂಡು ಹತ್ತಾರು ಜನ ಸಾಲಾಗಿ ಕೂತಿರುತ್ತಿದ್ದರು, ಸಿಪ್ಪೆ ರಾಶಿ ಬೀಳುತ್ತಿತ್ತು, ಕಂಬದ ಮೊಳೆಗೆ ನೇತುಹಾಕಿದ ರೇಡಿಯೊ ಹಾಡುತ್ತಿತ್ತು. ಇಷ್ಟ ಇದ್ದವರಿಗೂ ಅದೇ, ಇಲ್ಲದವರಿಗೂ ಅದೇ. ಬೇಡ ಬೇಡ ಅಂದುಕೊಂಡೇ ಕೇಳಿದ ಹಾಡು ಎಷ್ಟೋ ವರ್ಷದ ಮೇಲೆ, ಎಲ್ಲೋ ಬಸ್ಸಿನಲ್ಲಿ, ನಮ್ಮದೇ ಆಗಿ ಬಾಯಿಗೆ ಬರುತ್ತಿತ್ತು. ಈಗ ಮನೆಯಲ್ಲಿ ನಾಲ್ಕು ಜನ, ನಾಲ್ಕು ಫೋನು. ಮಗಳು ಏನು ಕೇಳ್ತಾಳೆ ಅಂತ ನನಗೆ ಗೊತ್ತಾಗಲು ಅವಳ ಕಿವಿಯಿಂದ ಕಿತ್ತು ನನ್ನ ಕಿವಿಗಿಡಬೇಕಾಯಿತು. ನನಗೆ ನೋವಾಗುವುದು ಇದಕ್ಕೇ, ಅವಳ ರುಚಿ ಬೇರೆ ಅನ್ನುವುದಕ್ಕಲ್ಲ.

ನಿನ್ನೆ ರಾತ್ರಿ ಅವಳ ಇಯರ್‌ಫೋನಿನ ಚಾರ್ಜ್ ಮುಗಿಯಿತು. ನನ್ನ ಫೋನಿನಲ್ಲಿ ಒಂದಿಷ್ಟು ಉಳಿದಿತ್ತು. ಹೆಂಚಿನ ಮೇಲಿನ ಮಳೆಗೆ ಅದರ ದನಿ ಎಲ್ಲಿ ಕೇಳಬೇಕು? ಮಗಳೇ ಎದ್ದು ಹೋಗಿ ಹಿತ್ತಾಳೆ ಚೊಂಬು ತಂದು ಫೋನನ್ನು ಅದರೊಳಗಿಟ್ಟಳು. ಚೊಂಬು ಗುಂಯ್ ಅಂತ ತುಂಬಿಕೊಂಡಿತು. ಮೊದಲು ಅಪ್ಪನದು, ಆಮೇಲೆ ನನ್ನದು, ಸರದಿ ಪ್ರಕಾರ. ಮಗಳ ಸರದಿ ಬಂದಾಗ ಅವಳು ರಘು ದೀಕ್ಷಿತ್ ಹಾಡಿದ 'ಗುಡುಗುಡಿಯ' ಹಾಕಿದಳು. ಗಿಟಾರು, ಡ್ರಮ್ಮು, ಜೋರು. ಅಪ್ಪ ಕಂಬಳಿ ಹೊದ್ದು ಗೋಡೆಗೆ ಒರಗಿದ್ದವರು ತಲೆಯೆತ್ತಿ, "ಇದು ಶರೀಫಜ್ಜನದ್ದಲ್ವಾ?" ಅಂದರು. ಹೌದು ಅಜ್ಜ, ನಿಮಗೆ ಹೇಗೆ ಗೊತ್ತು ಅಂತ ಇವಳಿಗೆ ಆಶ್ಚರ್ಯ. ಸಿ. ಅಶ್ವಥ್ ಹಾಡಿದ ಕ್ಯಾಸೆಟ್ಟುಗಳಿಂದ ಶಿಶುನಾಳ ಶರೀಫರು ನಮ್ಮ ಕಡೆಯ ಮನೆಮನೆಗೂ ಬಂದಿದ್ದರು ಅಂತ ಅವಳಿಗೆ ಹೇಗೆ ಗೊತ್ತಿರಬೇಕು, ಪಾಪ. ಅಷ್ಟರಲ್ಲಿ ಫೋನು ಸತ್ತಿತು. ಹಾಡು ಅರ್ಧಕ್ಕೇ ನಿಂತಿತು. ಅಪ್ಪ ಮಂಡಿಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ, ನಡುಗುವ ದನಿಯಲ್ಲಿ ಮುಂದಿನ ಸಾಲು ಹಿಡಿದರು. ಮಗಳು ಕತ್ತಲಲ್ಲೇ ಅವರ ಹತ್ತಿರ ಸರಿದು ಕೂತಳು.

ಪಿಯುಸಿ ಮುಗಿದ ವರ್ಷ ನೀನು ನನಗೆ ಒಂದು ಕ್ಯಾಸೆಟ್ ತುಂಬಿಸಿಕೊಟ್ಟಿದ್ದೆಯಲ್ಲ, ಎರಡೂ ಕಡೆ ಭಾವಗೀತೆ, ರೇಡಿಯೊದಿಂದಲೇ ಹಿಡಿದದ್ದು, ನಡುವೆ ನಿಮ್ಮಮ್ಮ ನಿನ್ನನ್ನು ಊಟಕ್ಕೆ ಕರೆಯುವುದೂ ಕೇಳುತ್ತೆ. ಅದು ಇನ್ನೂ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದೆ. ನಮ್ಮ ಟೇಪ್ ರೆಕಾರ್ಡರ್ ಕೆಟ್ಟು ಯಾವುದೋ ಕಾಲವಾಯಿತು. ನಿನ್ನ ಹತ್ರ ಇದ್ದರೆ ದೀಪಾವಳಿಗೆ ಬರುವಾಗ ತಗೊಂಡು ಬಾ. ಮಗಳಿಗೆ ಅದನ್ನು ಕೇಳಬೇಕಂತೆ.

ನಿನ್ನ ಗೆಳೆಯ