ಆ ಹುಡುಗಿಯನ್ನು ಬೀಳಿಸಬೇಡ

ಪ್ರೀತಿಯ ಹುಡುಗನಿಗೆ,

ನಿನ್ನ ಸ್ಕ್ರಿಪ್ಟನ್ನೂ ಅದರ ಜೊತೆಗಿದ್ದ ಪತ್ರವನ್ನೂ ಓದಿದೆ. ಸ್ಕ್ರಿಪ್ಟಿಗಿಂತ ಪತ್ರವೇ ಚೆನ್ನಾಗಿದೆ, ಬೇಜಾರು ಮಾಡಿಕೊಳ್ಳಬೇಡ. ಕಿರುಚಿತ್ರ ಸ್ಪರ್ಧೆಯವರು ಬೇಡ ಅಂದರು, ಇನ್ನು ಬರೆಯುವುದು ಬಿಟ್ಟು ಮೈಸೂರಿನಿಂದ ವಾಪಸ್ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತೇನೆ ಅಂತ ಬರೆದಿದ್ದೀಯ. ತೋಟ ನೋಡಿಕೊಳ್ಳುವುದು ಸೋತವರ ಕೆಲಸ ಅಂತ ನಿನಗೆ ಹೇಳಿದವರು ಯಾರು? ಅಪ್ಪನ ಎದುರು ಮಾತ್ರ ಈ ಮಾತು ಆಡಬೇಡ.

ಸೀನ್ ನಂಬರ್ ಹೇಗೆ ಹಾಕಬೇಕು, ಯಾವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಬೇಕು, ಇಂಟರ್‌ವಲ್ ಎಲ್ಲಿ ಬರಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಒಂದು ಮಧ್ಯಾಹ್ನದಲ್ಲಿ ಹೇಳಿಕೊಡುತ್ತಾರೆ. ನನ್ನ ಜಗಳ ಒಂದೇ ಒಂದು ಸೀನಿನ ಮೇಲೆ. ಮದುವೆಯಾಗದೆ ಬಸುರಿಯಾದ ನಿನ್ನ ಕಥೆಯ ಹುಡುಗಿ ಮಳೆಯಲ್ಲಿ ತೋಟದ ಇಳಿಜಾರಿನಲ್ಲಿ ಓಡುತ್ತಾಳೆ. ಕಾಲು ಜಾರುತ್ತದೆ. ಮುಂದಿನ ಸೀನು ಆಸ್ಪತ್ರೆ. ಡಾಕ್ಟರು ತಲೆ ಅಲ್ಲಾಡಿಸುತ್ತಾರೆ, ಗರ್ಭ ಹೋಯಿತು. ಅಪ್ಪ ಕೈಗೆತ್ತಿಕೊಂಡಿದ್ದ ಕೋವಿಯನ್ನು ಮತ್ತೆ ಗೋಡೆಗೆ ತೂಗುಹಾಕುತ್ತಾನೆ. ಪುತ್ತರಿ ಹಬ್ಬಕ್ಕೆ ಎಲ್ಲರೂ ಕೂಡಿ ಹೊಸ ಭತ್ತದ ಕದಿರು ತೆಗೆಯಲು ಹೋಗುತ್ತಾರೆ. ಶುಭಂ.

ಅವಳನ್ನು ತಳ್ಳಿದವನು ನೀನೇ ಮಾರಾಯ. ಮಳೆಯ ಮೇಲೆ ಹಾಕಬೇಡ.

ಅಲ್ಲಿಯವರೆಗೆ ಕಥೆ ಚೆನ್ನಾಗಿಯೇ ನಡೆದಿತ್ತು. ತಿಂಗಳು ನಿಂತಿದೆ ಅಂತ ಅನುಮಾನ ಬಂದ ರಾತ್ರಿ ಅವಳು ಹಾಸ್ಟೆಲಿನ ಕ್ಯಾಲೆಂಡರನ್ನು ಮೊಬೈಲ್ ಬೆಳಕಿನಲ್ಲಿ ನೋಡುತ್ತಾಳೆ. ಮಾರನೇ ದಿನ ಇಂಟರ್ನಲ್ಸ್ ಬರೆಯುವಾಗ ಉತ್ತರಪತ್ರಿಕೆಯ ಮೂಲೆಯಲ್ಲಿ ತಾರೀಕು ಎಣಿಸಿ, ಆಮೇಲೆ ಅದನ್ನು ಗೀಚಿ ಅಳಿಸುತ್ತಾಳೆ. ಅದನ್ನು ಓದಿ ಕನ್ನಡಕ ತೆಗೆದಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅಂಥ ಸೀನು ಬರೆದವನಿಗೆ ಮುಂದೆ ಇದ್ದಕ್ಕಿದ್ದಂತೆ ಹೆದರಿಕೆ ಯಾಕೆ ಬಂತು? ಹೆದರಿಕೆಯೇ ಅದು. ಅವಳು ಮಗುವನ್ನು ಇಟ್ಟುಕೊಳ್ಳುತ್ತಾಳೋ ತೆಗೆಸುತ್ತಾಳೋ ಅಂತ ತೀರ್ಮಾನಿಸುವ ಜಾಗಕ್ಕೆ ಕಥೆ ಬಂದು ನಿಂತಿತ್ತು. ಎರಡರಲ್ಲಿ ಯಾವುದನ್ನು ಬರೆದರೂ ಯಾರಿಗಾದರೂ ಸಿಟ್ಟು ಬರುತ್ತದೆ. ಅದಕ್ಕೆ ನೀನು ಕಾಲು ಜಾರಿಸಿಬಿಟ್ಟೆ.

ಇದು ಸಿನಿಮಾದವರ ಹಳೆಯ ಚಟ. ಮೆಟ್ಟಿಲಿಂದ ಬೀಳಿಸುವುದು ಒಂದು ದಾರಿ. ಪ್ರಿಯಕರನನ್ನೇ ಸಾಯಿಸುವುದು ಇನ್ನೊಂದು. ಯಾರಿಗೂ ಗೊತ್ತಿಲ್ಲದಂತೆ ದೇವಸ್ಥಾನದಲ್ಲಿ ಹಾರ ಹಾಕಿಸಿಬಿಡುವುದು ಮತ್ತೊಂದು, ಹುಡುಗಿ 'ಕೆಟ್ಟವಳಲ್ಲ' ಅಂತ ಪ್ರೇಕ್ಷಕರಿಗೆ ಸಮಾಧಾನ ಆಗಲಿ ಅಂತ. 1969ರ 'ಆರಾಧನಾ'ದಲ್ಲಿ ಕೊನೆಯ ಎರಡೂ ಇವೆ: ಗುಟ್ಟಿನ ಮದುವೆಯೂ ಇದೆ, ವಿಮಾನ ಅಪಘಾತದಲ್ಲಿ ಸಾಯುವ ಪೈಲಟ್ಟೂ ಇದ್ದಾನೆ. ಹಾಲಿವುಡ್ಡಿನವರೂ ಕಡಿಮೆ ಇಲ್ಲ. ಪ್ರೆಸ್ಟನ್ ಸ್ಟರ್ಜಸ್ 1944ರಲ್ಲಿ ಒಂದು ಕಾಮಿಡಿ ತೆಗೆದ, 'ದಿ ಮಿರಾಕಲ್ ಆಫ್ ಮಾರ್ಗನ್ಸ್ ಕ್ರೀಕ್' ಅಂತ. ಯುದ್ಧಕ್ಕೆ ಹೊರಟ ಸೈನಿಕರ ಪಾರ್ಟಿಗೆ ಹೋದ ಹುಡುಗಿ ಬಸುರಿಯಾಗುತ್ತಾಳೆ. ಯಾರನ್ನೋ ಮದುವೆಯಾದ ಮಸುಕು ನೆನಪಿದೆ, ಅವನ ಹೆಸರು ನೆನಪಿಲ್ಲ. ಆ ಕಾಲದ ಸೆನ್ಸಾರ್ ನಿಯಮಗಳ ಎದುರು ಮದುವೆ ಇಲ್ಲದ ಬಸಿರನ್ನು ತೋರಿಸುವ ಹಾಗೇ ಇರಲಿಲ್ಲ. ಕೊನೆಗೆ ಅವಳು ಒಂದೇ ಹೆರಿಗೆಯಲ್ಲಿ ಆರು ಗಂಡುಮಕ್ಕಳನ್ನು ಹೆತ್ತು ದೇಶವೇ ಕುಣಿಯುವಂತೆ ಮಾಡುತ್ತಾಳೆ! ಅವನು ಸೆನ್ಸಾರನ್ನೇ ಗೇಲಿ ಮಾಡಿದ. ನಿನಗೆ ಅಂಥ ಸೆನ್ಸಾರ್ ಎಲ್ಲಿದೆ? ನಿನ್ನ ಸೆನ್ಸಾರ್ ನಿನ್ನ ಚಿಕ್ಕಮ್ಮ, ದೊಡ್ಡಪ್ಪಂದಿರು. ಅವರು ಯಾರೂ ನಿನ್ನ ಕಿರುಚಿತ್ರ ನೋಡುವುದಿಲ್ಲ, ಧೈರ್ಯವಾಗಿರು.

2007ನೇ ಇಸವಿಯನ್ನು ತೆಗೆದುಕೋ. ಒಂದೇ ವರ್ಷದಲ್ಲಿ ಇದೇ ವಿಷಯದ ನಾಲ್ಕು ಸಿನಿಮಾ ಬಂದವು. 'ಜೂನೋ'ದ ಸ್ಕೂಲ್ ಹುಡುಗಿ ಮಗುವನ್ನು ಹೆತ್ತು ದತ್ತು ಕೊಡುತ್ತಾಳೆ. 'ವೇಟ್ರೆಸ್'ನ ಹೋಟೆಲ್ ಕೆಲಸದ ಹೆಂಗಸು ಹೊಡೆಯುವ ಗಂಡನಿಂದ ಬಸುರಿಯಾಗುತ್ತಾಳೆ, ಮಗು ಹುಟ್ಟಿದ ಮೇಲೆ ಅವನನ್ನು ಬಿಡುತ್ತಾಳೆ. ಅದನ್ನು ಬರೆದು ನಿರ್ದೇಶಿಸಿದ ಏಡ್ರಿಯನ್ ಶೆಲ್ಲಿ ಸಿನಿಮಾ ಬಿಡುಗಡೆಗೂ ಮೊದಲೇ, 2006ರ ನವೆಂಬರ್‌ನಲ್ಲಿ ಕೊಲೆಯಾದಳು. ನೆನೆದರೆ ಈಗಲೂ ಸಂಕಟ. 'ನಾಕ್ಡ್ ಅಪ್' ತಮಾಷೆಯ ಸಿನಿಮಾ, ನಗು ಬರುತ್ತದೆ, ಆದರೆ ಅಬಾರ್ಷನ್ ಅನ್ನುವ ಮಾತು ಬರುವಲ್ಲಿ ಪ್ರಾಸದ ಜೋಕು ಮಾಡಿ ದಾಟಿಬಿಡುತ್ತದೆ. ನಾಲ್ಕನೆಯದು ರುಮೇನಿಯಾದ ಕ್ರಿಸ್ಟಿಯನ್ ಮುಂಗಿಯು ತೆಗೆದ '4 ತಿಂಗಳು, 3 ವಾರ, 2 ದಿನ'. ಕಾನ್ ಉತ್ಸವದ ದೊಡ್ಡ ಪ್ರಶಸ್ತಿ ಅದಕ್ಕೇ ಬಂತು. ಕಥೆ ನಡೆಯುವುದು 1987ರಲ್ಲಿ. 1966ರಿಂದ ಆಗ ಅಲ್ಲಿ ಗರ್ಭಪಾತಕ್ಕೆ ನಿಷೇಧವಿತ್ತು. ಹಾಸ್ಟೆಲಿನ ಹುಡುಗಿಗೆ ಅವಳ ಗೆಳತಿ ಗುಟ್ಟಾಗಿ ಅಬಾರ್ಷನ್ ಮಾಡಿಸುತ್ತಾಳೆ.

ಅದರಲ್ಲಿ ಒಂದು ಸೀನು ಇದೆ, ನಿನಗಾಗಿಯೇ ಹೇಳುತ್ತಿದ್ದೇನೆ. ಬಸುರಿ ಹುಡುಗಿ ಹೋಟೆಲ್ ರೂಮಿನಲ್ಲಿ ಒಬ್ಬಳೇ ಮಲಗಿದ್ದಾಳೆ. ಗೆಳತಿ ಹೋಗಲೇಬೇಕಾದ ಊಟವೊಂದಿದೆ, ತನ್ನ ಹುಡುಗನ ಅಮ್ಮನ ಹುಟ್ಟುಹಬ್ಬ. ಕ್ಯಾಮೆರಾ ಊಟದ ಟೇಬಲ್ ಎದುರು ಅಲ್ಲಾಡದೆ ನಿಲ್ಲುತ್ತದೆ. ಸುತ್ತ ಕೂತ ದೊಡ್ಡವರು ಏನೇನೋ ಹರಟುತ್ತಾರೆ. ನಡುವೆ ಅವಳ ಮುಖ. ಏನೂ ನಡೆಯುವುದಿಲ್ಲ, ನಮಗೆ ಮಾತ್ರ ಕೂತಲ್ಲಿ ಕೂರಲು ಆಗುವುದಿಲ್ಲ. ನಮ್ಮ ಮದುವೆ ಊಟಗಳನ್ನು ನೆನೆಸಿಕೋ. ಪಂದಿಕರಿ ಬಡಿಸುತ್ತಾ "ಏನಮ್ಮಾ, ಸಪ್ಪಗಿದ್ದೀಯ?" ಅಂತ ಕೇಳುವವರ ಎದುರು ನಿನ್ನ ಹುಡುಗಿಯನ್ನು ಕೂರಿಸಬಹುದಿತ್ತು, ಅಲ್ವಾ? ನೀನು ಅವಳನ್ನು ಓಡಿಸಿದೆ.

ನಮ್ಮ ಕನ್ನಡದಲ್ಲೇ ಇದೆ, ಅಷ್ಟು ದೂರ ಯಾಕೆ? ಗಿರೀಶ್ ಕಾಸರವಳ್ಳಿ 1977ರಲ್ಲಿ ಅನಂತಮೂರ್ತಿಯವರ ಕಥೆಯಿಂದ 'ಘಟಶ್ರಾದ್ಧ' ಮಾಡಿದರು. ಸ್ವರ್ಣಕಮಲ ಬಂತು. 2024ರಲ್ಲಿ ಹಳೆಯ ರೀಲನ್ನು ಸರಿಪಡಿಸಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ವಿಧವೆ ಯಮುನಕ್ಕ ಬಸುರಿಯಾಗುತ್ತಾಳೆ. ಅದನ್ನೆಲ್ಲ ನಾವು ನೋಡುವುದು ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿನಲ್ಲಿ. ಅವನಿಗೆ ಅರ್ಧ ಗೊತ್ತಾಗುತ್ತದೆ, ಅರ್ಧ ಗೊತ್ತಾಗುವುದಿಲ್ಲ. ಅಲ್ಲಿಯೂ ಗರ್ಭಪಾತವಿದೆ. ಆದರೆ ಅದು ತಾನಾಗಿ ಬರುವುದಿಲ್ಲ, ಅವಳು ರಾತ್ರಿ ಕತ್ತಲಲ್ಲಿ ಹುಡುಕಿಕೊಂಡು ಹೋಗುತ್ತಾಳೆ. ಬೆಲೆ ಅವಳೇ ತೆರುತ್ತಾಳೆ. ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುತ್ತಾನೆ. ಕಥೆ ಎಲ್ಲಿಯೂ ಅವಳ ಕೈ ಬಿಟ್ಟು ಅಪ್ಪನ ಮಾನದ ಹಿಂದೆ ಓಡುವುದಿಲ್ಲ. ನಿನ್ನ ಸ್ಕ್ರಿಪ್ಟಿನಲ್ಲಿ ಸುದ್ದಿ ಗೊತ್ತಾದ ಮೇಲೆ ಅಪ್ಪನಿಗೆ ಪುಟಗಟ್ಟಲೆ ಡೈಲಾಗು, ಕೋವಿ, ಮಂಜು, ಪೀಚೆಕತ್ತಿ. ಅವಳಿಗೆ "ಅಪ್ಪಾ..." ಅನ್ನುವ ಒಂದು ಪದ. ಕೊಡಗಿನ ಸಿನಿಮಾ ಅಂದರೆ ಕೋವಿ ಇರಲೇಬೇಕು ಅಂತ ಯಾರು ಹೇಳಿದರೋ! ನಮ್ಮ ಮನೆಗಳಲ್ಲಿ ಕೋವಿ ಜಾಸ್ತಿ ಕೆಳಗಿಳಿಯುವುದು ಕೈಲ್‌ಪೊಳ್ದ್ ಹಬ್ಬಕ್ಕೆ, ಪೂಜೆಗೆ.

ನನಗೆ ಈ ಬೀಳುವ ಸೀನಿನ ಮೇಲೆ ಹಳೆಯ ದ್ವೇಷವಿದೆ, ಮುಚ್ಚಿಡುವುದಿಲ್ಲ. ಬಹಳ ಹಿಂದೆ ನನ್ನದೊಂದು ಕಥೆಯನ್ನು ಬೆಂಗಳೂರಿನ ಒಬ್ಬ ನಿರ್ದೇಶಕ ತೆಗೆದುಕೊಂಡ. ತೋಟದ ಆಳುಗಳ ಲೈನ್ ಮನೆಯ ಹುಡುಗಿ, ತೋಟದ ಲೆಕ್ಕ ಬರೆಯುವ ರೈಟರನ ಮಗನಿಂದ ಬಸುರಿ. ನನ್ನ ಕಥೆಯಲ್ಲಿ ಅವಳು ಹೆರುತ್ತಾಳೆ, ಅದೇ ತೋಟದಲ್ಲಿ ಕಾಫಿ ಕೊಯ್ಯುತ್ತಾಳೆ, ಎಲ್ಲರೂ ಮಗುವಿನ ಮುಖ ನೋಡಿ ಸುಮ್ಮನಿರುತ್ತಾರೆ. ಆ ಸುಮ್ಮನಿರುವುದೇ ಕಥೆ. ಅವನು ಅವಳನ್ನು ಕೆರೆಯ ಮೆಟ್ಟಿಲಿಂದ ಬೀಳಿಸಿದ. "ಮಗು ಇದ್ದರೆ ಹೀರೋ ಮದುವೆ ಆಗೋದು ಜನ ಒಪ್ಪಲ್ಲ ಮೇಡಂ" ಅಂದ. ನಮ್ಮ ತೋಟದಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು ಸಿನಿಮಾ ನೋಡಿ ಬಂದು ನನ್ನನ್ನು ಕೇಳಿದಳು, "ಅಷ್ಟು ಸುಲಭಕ್ಕೆ ಹೋಗ್ತದಾ ಅಕ್ಕಾ? ನಾನು ಎಷ್ಟು ಸಲ ಬಿದ್ದೆ." ಅವಳು ದಿನ ತುಂಬುವವರೆಗೂ ಕಾಫಿ ಮೂಟೆ ಹೊತ್ತವಳು. ಆ ನಿರ್ದೇಶಕನಿಗೆ ಪ್ರಶಸ್ತಿ ಬಂತು. ನಾನು ಇವತ್ತಿಗೂ ಅವನ ಜೊತೆ ಮಾತಾಡುವುದಿಲ್ಲ.

ಅವಳು ಹೇಳಿದ್ದೇ ಸರಿ. ಎರಡನೇ ತಿಂಗಳಲ್ಲಿ ಗರ್ಭಕೋಶ ಸೊಂಟದ ಮೂಳೆಗಳ ನಡುವೆ ಭದ್ರವಾಗಿರುತ್ತದೆ. ಜಾರಿ ಬಿದ್ದರೆ ಮೊಣಕಾಲು ತರಚುತ್ತದೆ, ಕೈ ಮುರಿಯಬಹುದು. ಮೊದಲ ಮೂರು ತಿಂಗಳಲ್ಲಿ ತಾನಾಗಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ಕ್ರೋಮೋಸೋಮ್‌ಗಳಲ್ಲಿನ ದೋಷ. ಬಿದ್ದಿದ್ದಕ್ಕೆ, ಓಡಿದ್ದಕ್ಕೆ, ಪಪ್ಪಾಯಿ ತಿಂದಿದ್ದಕ್ಕೆ ಹೋಯಿತು ಅಂತ ಹೆಂಗಸರು ವರ್ಷಗಟ್ಟಲೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದಕ್ಕೆ ನಿನ್ನ ಸಿನಿಮಾ ಇನ್ನೊಂದು ಸಾಕ್ಷಿ ಒದಗಿಸಬೇಕಾ?

ನಿನ್ನ ಡಾಕ್ಟರಮ್ಮ "ಮದುವೆ ಆಗಿಲ್ಲ, ಕಾನೂನು ಒಪ್ಪಲ್ಲ" ಅನ್ನುತ್ತಾಳೆ. ಯಾವ ದೇಶದ ಕಾನೂನು? ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯ್ದೆ ನಮ್ಮಲ್ಲಿ 1971ರಿಂದ ಇದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು, ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರದವರೆಗೂ ಆಗುತ್ತದೆ. ಅದು ಮದುವೆಯಾಗದ ಹೆಣ್ಣಿಗೂ ಸಮನಾಗಿ ಅನ್ವಯಿಸುತ್ತದೆ ಅಂತ 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿನ್ನ ಹುಡುಗಿಗೆ 19 ವರ್ಷ. ಅವಳ ಸಹಿ ಒಂದೇ ಸಾಕು, ಅಪ್ಪನದೂ ಬೇಡ, ಹುಡುಗನದೂ ಬೇಡ. ಆದರೂ ಎಷ್ಟೋ ಕಡೆ "ಮನೆಯವರನ್ನು ಕರೆದುಕೊಂಡು ಬಾ" ಅನ್ನುತ್ತಾರೆ. ಬಾಗಿಲು ತೆರೆದಿದ್ದರೂ ಒಳಗೆ ಬಿಡದ ಆ ಕೌಂಟರನ್ನು ಬರೆ.

ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ಎಲೈಜಾ ಹಿಟ್‌ಮನ್ 2020ರಲ್ಲಿ ಮಾಡಿದ 'ನೆವರ್ ರೇರ್ಲಿ ಸಮ್‌ಟೈಮ್ಸ್ ಆಲ್ವೇಸ್' ನೋಡು. ಪೆನ್ಸಿಲ್ವೇನಿಯಾದ 17ರ ಹುಡುಗಿ, ಅಲ್ಲಿ ಹೆತ್ತವರ ಒಪ್ಪಿಗೆ ಬೇಕು ಅಂತ ಅತ್ತೆ-ಮಾವನ ಮಗಳೋ ಚಿಕ್ಕಮ್ಮನ ಮಗಳೋ ಒಬ್ಬಳ ಜೊತೆ ಬಸ್ ಹತ್ತಿ ನ್ಯೂಯಾರ್ಕಿಗೆ ಹೋಗುತ್ತಾಳೆ. ಕ್ಲಿನಿಕ್ಕಿನಲ್ಲಿ ಒಬ್ಬಾಕೆ ಪ್ರಶ್ನೆ ಕೇಳುತ್ತಾಳೆ. ಉತ್ತರಕ್ಕೆ ನಾಲ್ಕೇ ಆಯ್ಕೆ: ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಯಾವಾಗಲೂ. ಕ್ಯಾಮೆರಾ ಹುಡುಗಿಯ ಮುಖ ಬಿಟ್ಟು ಕದಲುವುದಿಲ್ಲ. ಏನಾಗಿತ್ತು ಅಂತ ಯಾರೂ ವಿವರಿಸುವುದಿಲ್ಲ. ಬೇಕಾಗಿಯೂ ಇಲ್ಲ.

ನಗಿಸುವುದಕ್ಕೆ ನನ್ನ ವಿರೋಧ ಇಲ್ಲ. 2018ರ 'ಬಧಾಯಿ ಹೋ' ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಮದುವೆ ವಯಸ್ಸಿನ ಮಗ ಇರುವಾಗ ಅಮ್ಮ ಬಸುರಿ. ಅಲ್ಲಿ ಯಾರೂ ಜಾರಿ ಬೀಳುವುದಿಲ್ಲ. ಬೈಯುತ್ತಲೇ ಇದ್ದ ಅತ್ತೆ, ನೆಂಟರ ಎದುರು ಸೊಸೆಯ ಪರ ನಿಲ್ಲುತ್ತಾಳೆ.

ಊರಲ್ಲಿ ಜನ ಏನಂತಾರೆ ಅಂತ ಕೇಳಿದ್ದೀಯ. ಕೊಡಗಿನ ಗೌರಮ್ಮ ಸುಂಟಿಕೊಪ್ಪದ ಕಡೆಯ ಕಾಫಿ ತೋಟದಲ್ಲಿದ್ದುಕೊಂಡು 1930ರ ದಶಕದಲ್ಲಿ ವಿಧವೆಯರ ಬಗ್ಗೆ, ಜಾತಿ ಮೀರಿದ ಪ್ರೀತಿಯ ಬಗ್ಗೆ ಕಥೆ ಬರೆದರು. 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ನಿನ್ನ ವಯಸ್ಸು ಎಷ್ಟು? 26 ಅಲ್ವಾ? ಇನ್ನು ಗಂಡಸಾಗಿ ಇದನ್ನು ಬರೆಯಬಹುದಾ ಅನ್ನುವ ಪ್ರಶ್ನೆ. ಕಾಸರವಳ್ಳಿಯೂ ಮುಂಗಿಯುವೂ ಗಂಡಸರೇ. ಮುಂದೆ ಹೋಗು.

ಈಗ ಕೆಲಸದ ಮಾತು. ಆ ಟೆಸ್ಟ್ ಕಿಟ್ ಅವಳಿಗೆ ಎಲ್ಲಿಂದ ಬಂತು? ನೀನು ಸುಮ್ನೆ ಬ್ಯಾಗಿನಿಂದ ತೆಗೆಸಿದ್ದೀಯ. ಗೋಣಿಕೊಪ್ಪದ ಯಾವ ಮೆಡಿಕಲ್‌ಗೆ ಹೋದರೂ "ನೀನು ಯಾರ ಮನೆಯವಳು?" ಅಂತ ಕೇಳುತ್ತಾರೆ. ಕೇಳದಿದ್ದರೆ ಅವರಿಗೆ ಆಗಲೇ ಗೊತ್ತಿದೆ ಅಂತ ಅರ್ಥ. ಹಾಗಾಗಿ ಅವಳು ಬಸ್ ಹತ್ತಬೇಕು. ತಿತಿಮತಿ ದಾಟಿ, ಆನೆಚೌಕೂರಿನ ಕಾಡು ದಾಟಿ, ಹುಣಸೂರಿನಲ್ಲಿ ಇಳಿಯಬೇಕು. ಪಕ್ಕದ ಸೀಟಿನಲ್ಲಿ ಪರಿಚಯದ ಆಂಟಿ ಒಬ್ಬರನ್ನು ಕೂರಿಸು. ಅವರು ಕಿತ್ತಳೆ ಸುಲಿದು ಕೊಡುತ್ತಾರೆ, ಅವಳಿಗೆ ಆ ವಾಸನೆಗೇ ವಾಕರಿಕೆ ಬರುತ್ತದೆ, ತಿನ್ನದೆ ಇರುವಂತಿಲ್ಲ. ಅಲ್ಲಿಂದ ಬರೆಯುತ್ತಾ ಹೋಗು. ಅವಳು ಏನು ತೀರ್ಮಾನ ಮಾಡುತ್ತಾಳೆ ಅಂತ ನಾನು ಹೇಳುವುದಿಲ್ಲ. ಇಟ್ಟುಕೊಂಡರೂ ಸರಿ, ತೆಗೆಸಿದರೂ ಸರಿ, ಮಾಡುವವಳು ಅವಳಾಗಿರಲಿ.

ಆ ಬಸ್ ಸೀನು ಒಂದನ್ನೇ ಮೊದಲು ಕಳಿಸು, ಪೂರ್ತಿ ಸ್ಕ್ರಿಪ್ಟ್ ಬೇಡ. ಮೊಬೈಲಿಗೆ ಪಿಡಿಎಫ್ ಹಾಕಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ. ಪ್ರಿಂಟ್ ತೆಗೆಸಿ ಪೋಸ್ಟಿಗೆ ಹಾಕು. ವಿರಾಜಪೇಟೆಗೆ ಬಂದರೆ ಕೈಯಲ್ಲೇ ಕೊಡು, ಕಡಂಬುಟ್ಟು ಮಾಡಿಸುತ್ತೇನೆ, ಊಟಕ್ಕೆ ನಿಲ್ಲು. ಕೊಯ್ಲು ಇತ್ತು, ಆಳು ಸಿಗಲಿಲ್ಲ ಅಂತ ನೆಪ ಹೇಳಿದರೆ ಮಾತ್ರ ಬೈಯುತ್ತೇನೆ.

ಇಂತಿ,
ನಿನ್ನ ಆಂಟಿ