ಮಗಳಿಗೊಂದು ಪತ್ರ: ಮಫಿನ್ ಆಯ್ತು, ಮೊಸರು ಯಾವಾಗ?

ಪುಟ್ಟೀ,

ನಿನಗೆ ಹಾಲಿನ ಅಲರ್ಜಿ. ಹಾಲು ಹಾಕಿ ಬೇಯಿಸಿದ ಮಫಿನ್ ತಿನ್ನಬಹುದಾದರೆ ಮೊಸರು ಯಾಕೆ ಬೇಡ ಅಂತ ನೀನು ದಿನಾ ಕೇಳುತ್ತೀಯ. ಮುಂಬಯಿಯ ಮುಲುಂಡಿನ ನಮ್ಮ ಮನೆಗೆ ಬಂದವರೂ ಇದನ್ನೇ ಕೇಳುತ್ತಾರೆ. ಓದಲು ಬಂದಾಗ ಓದಿಕೋ ಅಂತ ಬರೆದಿಡುತ್ತಿದ್ದೇನೆ.

ಹಾಲಿನಲ್ಲಿ ಮುಖ್ಯವಾಗಿ ಎರಡು ಬಗೆಯ ಪ್ರೋಟೀನ್ ಇರುತ್ತವೆ, ಕೇಸಿನ್ ಮತ್ತು ವೇ. ನಿನ್ನ ಮೈಗೆ ಇವು ಆಗಿ ಬರುವುದಿಲ್ಲ. ಒಂದು ಚಮಚ ಹಾಲಿನ ಪಾಯಸಕ್ಕೇ ನಿನ್ನ ತುಟಿ ಊದಿ, ಮೈಯೆಲ್ಲ ದದ್ದು ಎದ್ದಿತ್ತು. ಆದರೆ ಅದೇ ಹಾಲನ್ನು ಮೈದಾ ಹಿಟ್ಟಿಗೆ ಕಲಸಿ ಓವನ್‌ನಲ್ಲಿ 180 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದರೆ ವೇ ಪ್ರೋಟೀನಿನ ರೂಪವೇ ಬದಲಾಗುತ್ತದೆ. ಹಿಟ್ಟು ಕೂಡ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ಅಲರ್ಜಿ ಇರುವ ಎಷ್ಟೋ ಮಕ್ಕಳಿಗೆ ಅದು ಒಗ್ಗುತ್ತದೆ. ಕೇಸಿನ್ ಮಾತ್ರ ಬಿಸಿಗೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

"ಹಾಗಾದ್ರೆ ಹಾಲು ಚೆನ್ನಾಗಿ ಕುದಿಸಿ ಕೊಡು" ಅಂತಾರೆ ಅಜ್ಜಿ. ಕುದಿಯುವ ಹಾಲಿಗೆ ಅಷ್ಟು ಬಿಸಿ ಏರುವುದಿಲ್ಲ, ಜೊತೆಗೆ ಹಿಟ್ಟೂ ಇಲ್ಲ. ಆಡಿನ ಹಾಲು, ಎಮ್ಮೆ ಹಾಲಿನ ಪ್ರೋಟೀನ್ ಕೂಡ ಹೆಚ್ಚುಕಮ್ಮಿ ಹಸುವಿನ ಹಾಲಿನದರಂತೆಯೇ ಇರುತ್ತದೆ. ಪಕ್ಕದ್ಮನೆ ಆಂಟಿ ಹೇಳಿದ ಲ್ಯಾಕ್ಟೋಸ್ ಇಲ್ಲದ ಹಾಲೂ ನಮಗೆ ಬೇಡ. ಅದರಲ್ಲಿ ಇಲ್ಲದಿರುವುದು ಸಕ್ಕರೆ ಅಂಶ ಮಾತ್ರ.

ಡಾಕ್ಟರ್ ಕೊಟ್ಟ ಪಟ್ಟಿಗೆ ಮಿಲ್ಕ್ ಲ್ಯಾಡರ್, ಅಂದರೆ ಹಾಲಿನ ಏಣಿ, ಅಂತ ಹೆಸರು. ಚೆನ್ನಾಗಿ ಬೆಂದದ್ದರಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಬಿಸ್ಕೆಟ್, ಮಫಿನ್, ಪ್ಯಾನ್‌ಕೇಕ್, ಚೀಸ್, ಮೊಸರು, ಕೊನೆಗೆ ಹಾಲು. ಹೊರದೇಶದವರು ಮಾಡಿದ್ದು, ಅದರಲ್ಲಿ ನಮ್ಮ ಪೇಡ, ಶ್ರೀಖಂಡ ಎಲ್ಲಿಂದ ಬರಬೇಕು! ಪೇಡ ಎಂದರೆ ಗಟ್ಟಿ ಮಾಡಿದ ಹಾಲೇ ಅಲ್ವಾ, ಅದು ಕೊನೆಗೇ. ಶ್ರೀಖಂಡ ಮೊಸರು ದಾಟಿದ ಮೇಲೆ. ತಕ್ಷಣ ದದ್ದು ಏಳುವ ಅಲರ್ಜಿ ನಿನ್ನದು. ಅದಕ್ಕೇ ಮೊದಲ ತುಣುಕು ತಿನ್ನಿಸಿದ್ದು ಆಸ್ಪತ್ರೆಯಲ್ಲಿ, ಡಾಕ್ಟರ ಎದುರಿಗೆ. ಇದನ್ನು ಯಾರೂ ಸುಮ್ನೆ ಮನೆಯಲ್ಲಿ ಶುರು ಮಾಡುವಂತಿಲ್ಲ.

ಅಂಗಡಿ ಬಿಸ್ಕೆಟ್ ಪ್ಯಾಕೆಟ್ಟಿನ ಮೇಲೆ ಹಾಲು ಇದೆ ಅಂತ ಇರುತ್ತದೆ, ಎಷ್ಟಿದೆ ಅಂತ ಎಷ್ಟೋ ಸಲ ಇರುವುದಿಲ್ಲ. ಆದ್ದರಿಂದ ಮಫಿನ್ ಮನೆಯಲ್ಲೇ ಆಗಬೇಕು, ಹಾಲು ಅಳೆದೇ ಹಾಕಬೇಕು. ಅಪ್ಪ ಒಂದೊಂದಕ್ಕೂ ಕಡ್ಡಿ ಚುಚ್ಚಿ ನೋಡುತ್ತಾರೆ. ಕಡ್ಡಿಗೆ ಹಸಿ ಹಿಟ್ಟು ಅಂಟಿತೋ, ಅದು ಅಪ್ಪನ ಪಾಲು. (ಒಮ್ಮೊಮ್ಮೆ ಬೇಕಂತಲೇ ಹಾಗಂತಾರೇನೋ ಅಂತ ನನಗೆ ಅನುಮಾನ.) ನೀನು ಮೊದಲು ಮೇಲಿನ ಕಂದು ಸಿಪ್ಪೆ ಬಿಡಿಸಿ ತಿನ್ನುತ್ತೀಯ. ಆಮೇಲೆ ಕನ್ನಡಿ ಮುಂದೆ ನಾಲಗೆ ಚಾಚಿ ನಿಂತು, "ತುರಿಸ್ತಿಲ್ಲ ಅಮ್ಮಾ" ಅಂತ ವರದಿ ಒಪ್ಪಿಸುತ್ತೀಯ. ಆ ವರದಿ ಬಾರದೆ ಮುಂದಿನ ಮೆಟ್ಟಿಲಿಲ್ಲ.

ಜ್ವರ, ಭೇದಿ ಇದ್ದ ದಿನ ಮಫಿನ್ ಇಲ್ಲ. ತಿಂದ ಕೂಡಲೇ ಕೆಳಗೆ ಓಡಿ ಆಡುವಂತೆಯೂ ಇಲ್ಲ. ದಿನಾ ಒಗ್ಗುವಷ್ಟೇ ತಿಂದರೂ ಅಂಥ ಹೊತ್ತಿನಲ್ಲಿ ತೊಂದರೆ ಆಗಬಹುದು. ಇದಕ್ಕೆ ನೀನು ಅತ್ತು ಕರೆದರೂ ಪ್ರಯೋಜನವಿಲ್ಲ.

ಊಟಕ್ಕೇನೂ ಕೊರತೆ ಇಲ್ಲ ಬಿಡು. ನೀರುದೋಸೆ, ತೆಂಗಿನಹಾಲು ಇರುವ ಮನೆ ನಮ್ಮದು. ಮಾಟುಂಗಾದ ಹೋಟೆಲಿನಲ್ಲಿ ಮಾತ್ರ "ಅಣ್ಣಾ, ಕಾವಲಿಗೆ ಬೆಣ್ಣೆ ತಾಗಿದೆಯಾ?" ಅಂತ ಕನ್ನಡದಲ್ಲೇ ಕೇಳಿಕೊಳ್ಳುತ್ತೇನೆ. ತುಪ್ಪವೂ ಬೇಡ, ಅದರಲ್ಲೂ ಚೂರುಪಾರು ಪ್ರೋಟೀನ್ ಉಳಿದಿರಬಹುದು.

ಹೆಚ್ಚಿನ ಮಕ್ಕಳು ದೊಡ್ಡವರಾಗುತ್ತಿದ್ದಂತೆ ಹಾಲಿನ ಅಲರ್ಜಿ ವಾಸಿಯಾಗುತ್ತದೆ. ನಿನಗೆ ಯಾವಾಗ ಅಂತ ಯಾರೂ ಹೇಳಲಾರರು. ಕೃಷ್ಣಾಷ್ಟಮಿ ದಿನ ಯಾರಾದರೂ "ಸ್ವಲ್ಪ ತಿನ್ನು, ಏನಾಗಲ್ಲ" ಅಂದರೆ, ಅಮ್ಮನ್ನ ಕೇಳಿ ಅನ್ನು. ಗಂಟಲು ಕೆರೆದರೆ, ಹೊಟ್ಟೆ ನೋವಾದರೆ ಅಲ್ಲೇ ಹೇಳು, ಕ್ಲಾಸಿನಲ್ಲಿದ್ದರೂ ಸರಿ. ತಿನ್ನುವಾಗ ಬೇಡ ಅನ್ನಿಸಿದರೂ ಹೇಳು. ನಾನು ಬೈಯಲ್ಲ.

ಪ್ಯಾನ್‌ಕೇಕ್ ದೀಪಾವಳಿ ರಜೆಯಲ್ಲಿ ನೋಡೋಣ ಅಂದಿದ್ದಾರೆ ಡಾಕ್ಟರ್. ಅದಕ್ಕೆ ಬೆಲ್ಲವೋ ಬಾಳೆಹಣ್ಣೋ, ನೀನೇ ಯೋಚಿಸಿ ಹೇಳು.

ನಿನ್ನ
ಅಮ್ಮ