ಘಾಟಿಲ್ಲದ ಹೊಗೆ

ಆಗಸ್ಟ್ ಮುಗಿಯುವ ಹೊತ್ತಿಗೆ ಟೆಕ್ಸಸ್‌ನ ದಿನಸಿ ಅಂಗಡಿಗಳ ಮುಂದೆ ಒಂದು ಯಂತ್ರ ಬಂದು ನಿಲ್ಲುತ್ತದೆ. ಕಬ್ಬಿಣದ ಜಾಲರಿಯ ಪೀಪಾಯಿ, ಅದಕ್ಕೆ ತಾಗುವಂತೆ ಗ್ಯಾಸ್ ಉರಿ. ಒಂದು ಚೀಲ ಹಸಿಮೆಣಸಿನಕಾಯಿ ಸುರಿದು ಗರಗರ ತಿರುಗಿಸುತ್ತಾರೆ. ನೋಡನೋಡುತ್ತಲೇ ಸಿಪ್ಪೆ ಕಪ್ಪಾಗಿ, ಉಬ್ಬಿ, ಉದುರತೊಡಗುತ್ತದೆ. ಮೊದಲ ಸಲ ನೋಡಿದಾಗ ನಾನು ಅಭ್ಯಾಸಬಲದಿಂದ ದುಪಟ್ಟಾ ಮೂಗಿಗೆ ಒತ್ತಿಕೊಂಡೆ. ಊರಲ್ಲಿ ಸಾರಿನಪುಡಿಗೆ ಮೆಣಸಿನಕಾಯಿ ಹುರಿದರೆ ಪಕ್ಕದ ಮನೆಯವರೂ ಸೀನಬೇಕು, ಅಲ್ವಾ? ಇಲ್ಲಿ ಹೇಳಿಕೊಳ್ಳುವಂಥ ಘಾಟೇ ಇಲ್ಲ! ಕೆಂಡದಲ್ಲಿ ಸುಟ್ಟ ಬದನೆಕಾಯಿ, ಸುಟ್ಟ ಜೋಳದ ತೆನೆ ಎರಡೂ ಸೇರಿದಂಥ ವಾಸನೆ.

ಈ ಕಾಯಿ ಬರುವುದು ಪಕ್ಕದ ನ್ಯೂ ಮೆಕ್ಸಿಕೋದ ಹ್ಯಾಚ್ ಕಣಿವೆಯಿಂದ. ರಿಯೋ ಗ್ರಾಂಡೆ ನದಿಯ ದಡದ ಪುಟ್ಟ ಊರು ಹ್ಯಾಚ್. ಅಲ್ಲೇ ಕೆಳಗಡೆ ಲಾಸ್ ಕ್ರೂಸಸ್‌ನ ಕೃಷಿ ಕಾಲೇಜಿನಲ್ಲಿ ಫಾಬಿಯನ್ ಗಾರ್ಸಿಯಾ ಎಂಬವರು ನೂರು ವರ್ಷಕ್ಕೂ ಹಿಂದೆ ಖಾರ ಕಮ್ಮಿಯಾದ, ಸುಟ್ಟು ಸುಲಿಯಲು ಸಲೀಸಾದ ತಳಿ ಬೆಳೆಸಿದರು. ಆಮೇಲೆ ಮೆಣಸಿನಕಾಯಿ ಆ ರಾಜ್ಯದ ಅಧಿಕೃತ ತರಕಾರಿಯೂ ಆಯಿತು, 1965ರಲ್ಲಿ. ತರಕಾರಿ! ನನಗೆ ಪಾಠ ಆಗಿದ್ದು ಆ ಒಂದು ಪದದಿಂದ. ನಮಗೆ ಮೆಣಸಿನಕಾಯಿ ಎಂದರೆ ಒಗ್ಗರಣೆಗೆ ಎರಡು, ಚಟ್ನಿಗೆ ನಾಲ್ಕು. ಇವರು ಅದನ್ನು ಕಿಲೋಗಟ್ಟಲೆ ಸುಟ್ಟು, ಹುಳಿಗೆ ನಾವು ತರಕಾರಿ ಹಾಕುವ ಹಾಗೆ ಹಾಕುತ್ತಾರೆ.

ಹೆಸರಿನ ಗೊಂದಲ ಮಾತ್ರ ಎರಡು ಕಡೆಯೂ ಒಂದೇ. ಕರಿಮೆಣಸು ಹುಡುಕಿ ಹೊರಟ ಕೊಲಂಬಸ್‌ನ ಕಡೆಯವರು ಇದನ್ನು ಕಂಡು ಪೆಪ್ಪರ್ ಅನ್ನುವ ಹೆಸರೇ ಅಂಟಿಸಿದರು. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಅದನ್ನು ನಮ್ಮ ಕರಾವಳಿಗೆ ತಂದಾಗ ನಾವೂ ತಲೆ ಕೆಡಿಸಿಕೊಳ್ಳಲಿಲ್ಲ. ಖಾರಕ್ಕೆ ಇದ್ದದ್ದು ಮೆಣಸು, ಇದು ಮೆಣಸಿನಕಾಯಿ, ಮುಗೀತು.

ಇನ್ನು ಚಿಲಿ ಎಂಬ ಅಡುಗೆಯ ವಿಷಯ. ಟೆಕ್ಸಸ್‌ನವರ ಪ್ರಕಾರ ಅದು ದನದ ಮಾಂಸ ಮತ್ತು ಒಣಮೆಣಸಿನಕಾಯಿ, ಅಷ್ಟೇ. ಬೀನ್ಸ್ ಹಾಕಿದರೆ ಮುಖ ಸಿಂಡರಿಸುತ್ತಾರೆ. ಸ್ಯಾನ್ ಆಂಟೋನಿಯೋದ ಚೌಕಗಳಲ್ಲಿ ಚಿಲಿ ಕ್ವೀನ್ಸ್ ಎಂದು ಹೆಸರಾದ ಹೆಂಗಸರು ಸಂಜೆಗೆ ಮೇಜು ಹಾಕಿ, ಲಾಂದ್ರ ಹಚ್ಚಿ ಇದನ್ನು ಮಾರುತ್ತಿದ್ದರು. 1930ರ ದಶಕದಲ್ಲಿ ಆರೋಗ್ಯ ನಿಯಮಗಳ ಹೆಸರಿನಲ್ಲಿ ಅವರನ್ನು ಎಬ್ಬಿಸಿದರು. ನಲವತ್ತು ವರ್ಷ ಕಳೆದು, 1977ರಲ್ಲಿ, ಅದೇ ಚಿಲಿಯನ್ನು ಶಾಸನಸಭೆ ರಾಜ್ಯದ ಅಡುಗೆ ಎಂದು ಸಾರಿತು. ಮಾರುತ್ತಿದ್ದವರನ್ನು ಓಡಿಸಿ ಅಡುಗೆಗೆ ಹಾರ ಹಾಕುವುದು ಎಲ್ಲ ಊರಲ್ಲೂ ಇದ್ದದ್ದೇ ಬಿಡಿ.

ನಮ್ಮ ಮನೆಯದು ರಾಜ್ಮಾ ಹಾಕಿದ ಚಿಲಿ. ಸ್ಥಳೀಯರು ಕ್ಷಮಿಸಲಿ.

ಪೊಬ್ಲಾನೋ ಎಂಬ ಕಡುಹಸಿರು ದಪ್ಪ ಮೆಣಸಿನಕಾಯಿ ಎಂಟು ಹತ್ತು ಬೇಕು. ಹ್ಯಾಚ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಗ್ಯಾಸ್ ಉರಿಯ ಮೇಲೆ ನೇರವಾಗಿ ಇಟ್ಟು ಇಕ್ಕಳದಲ್ಲಿ ತಿರುಗಿಸುತ್ತಾ ಸುಡಿ. ಅರೆಬರೆ ಸುಡಬೇಡಿ, ಪೂರ್ತಿ ಕರ್ರಗಾಗಲಿ. ಕಿಟಕಿ ತೆಗೆದಿಡಿ. ನಾನು ತೆಗೆಯದೆ ಹೊಗೆ ಅಲಾರಂ ಬಡಿದುಕೊಂಡು, ಇಡೀ ಅಪಾರ್ಟ್‌ಮೆಂಟ್‌ನವರು ಚಪ್ಪಲಿಯಿಲ್ಲದೆ ಕೆಳಗೆ ನಿಂತಿದ್ದ ದಿನ ಇನ್ನೂ ನೆನಪಿದೆ. ಸುಟ್ಟದ್ದನ್ನು ಪಾತ್ರೆಗೆ ಹಾಕಿ ತಟ್ಟೆ ಮುಚ್ಚಿ. ಹದಿನೈದು ನಿಮಿಷ ತನ್ನ ಹಬೆಯಲ್ಲೇ ಬೆವರಿದರೆ ಸಿಪ್ಪೆ ತಾನಾಗಿ ಜಾರುತ್ತದೆ. ನಲ್ಲಿ ಕೆಳಗೆ ಹಿಡಿದು ತೊಳೆಯುವ ಆಸೆಯಾಗುತ್ತದೆ, ತಡೆದುಕೊಳ್ಳಿ. ಸುಟ್ಟ ರುಚಿ ನೀರಿನ ಜೊತೆ ಹೋಗಿಬಿಡುತ್ತದೆ. ಅಲ್ಲಲ್ಲಿ ಕಪ್ಪು ಚೂರು ಉಳಿದರೆ ಉಳಿಯಲಿ. ಕೈ ಉರಿದರೆ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸೋಪು. ಖಾರ ಬರೀ ನೀರಿಗೆ ಜಗ್ಗುವುದಿಲ್ಲ.

ಬಣ್ಣಕ್ಕೆ ಆಂಚೋ ಒಣಮೆಣಸಿನಕಾಯಿ ನಾಲ್ಕು. ಪೊಬ್ಲಾನೋ ಹಣ್ಣಾಗಿ ಒಣಗಿದರೆ ಅದೇ ಆಂಚೋ. ಅದನ್ನು ಮೊದಲು ಕೈಯಲ್ಲಿ ಹಿಡಿದಾಗ ಹಾವೇರಿ ಕಡೆಯ ನಮ್ಮ ಬ್ಯಾಡಗಿ ನೆನಪಾಯಿತು. ಅದೇ ಸುಕ್ಕು ಮೈ, ಅದೇ ಗುಣ: ಬಣ್ಣ ಜಾಸ್ತಿ, ಖಾರ ಕಮ್ಮಿ. ಹಾಗಾಗಿ ಐದಾರು ಬ್ಯಾಡಗಿಯನ್ನೂ ಜೊತೆಗೆ ಬಿಸಿನೀರಲ್ಲಿ ನೆನೆಸಿ ಒಟ್ಟಿಗೆ ರುಬ್ಬುತ್ತೇನೆ. ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಪಟ್ಟ ಸಿಕ್ಕಿದೆ, ಟೆಕ್ಸಸ್ ಪಾತ್ರೆಗಿಳಿಯಲು ಅದಕ್ಕೇನೂ ಕೀಳರಿಮೆ ಬೇಕಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬಾಣಲೆಯಲ್ಲಿ ಕೆಂಪಗೆ ಹುರಿದೇ ಹಾಕಿ, ಚಿಲಿ ಬೇಯುವ ಸ್ಲೋ ಕುಕ್ಕರ್, ಅಂದರೆ ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ, ಯಾವುದನ್ನೂ ಹುರಿಯುವುದಿಲ್ಲ. ಜೀರಿಗೆ ಪುಡಿ, ಟೊಮೇಟೊ, ಓರೆಗಾನೋ. ಓರೆಗಾನೋ ಇಲ್ಲದಿದ್ದರೆ ಕುಂಡದಲ್ಲಿರುವ ದೊಡ್ಡಪತ್ರೆ ಎಲೆ ಎರಡು ಹೆಚ್ಚಿ ಹಾಕಿ, ಯಾರಿಗೂ ಗೊತ್ತಾಗುವುದಿಲ್ಲ.

ಈಗ ರಾಜ್ಮಾ. ಇದೊಂದನ್ನು ದಯವಿಟ್ಟು ಗಮನವಿಟ್ಟು ಓದಿ. ಮೊದಲ ವರ್ಷ ನಾನು ರಾತ್ರಿ ನೆನೆಸಿದ ಕಾಳನ್ನು ಬೆಳಿಗ್ಗೆ ಹಾಗೇ ಸ್ಲೋ ಕುಕ್ಕರಿಗೆ ಸುರಿದು ಆಫೀಸಿಗೆ ಹೋದೆ. ಸಂಜೆ ಕಾಳು ಸ್ವಲ್ಪ ಗಟ್ಟಿ ಅನಿಸಿದರೂ ಹಸಿವಿಗೆ ತಿಂದೆವು. ರಾತ್ರಿ ಹತ್ತರೊಳಗೆ ಮನೆಯವರೆಲ್ಲ ಸರದಿಯಲ್ಲಿ ಬಚ್ಚಲಿಗೆ ಓಡಿದೆವು. ಮೆಣಸಿನಕಾಯಿಯನ್ನು ಬೈದೆ, ಟೊಮೇಟೊವನ್ನು ಬೈದೆ. ಆಮೇಲೆ ತಿಳಿಯಿತು, ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇದೆ. ಕೊತಕೊತ ಕುದಿಸಿದರೆ ಸಾಯುತ್ತದೆ. ಸ್ಲೋ ಕುಕ್ಕರಿನ ಸಣ್ಣ ಬಿಸಿ ಅದಕ್ಕೆ ಸಾಲದು, ಅರೆಬೆಂದರೆ ಹಸಿಯದಕ್ಕಿಂತ ಹೆಚ್ಚು ಕೆಡುಕು. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಬೇಕು. ನಾವು ಪ್ರೆಶರ್ ಕುಕ್ಕರಿನವರು, ಮೆತ್ತಗಾಗುವವರೆಗೆ ಕೂಗಿಸಿದರೆ ಆಯಿತು. ಡಬ್ಬಿಯ ರಾಜ್ಮಾ ಆಗಲೇ ಬೆಂದಿರುತ್ತದೆ, ಚಿಂತೆಯಿಲ್ಲ.

ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, ಲೆಕ್ಟಿನ್ ಗಿಕ್ಟಿನ್ ಏನೂ ಕೇಳದೆ, "ಬೇಳೆ ಬೇಯೋ ಮುಂಚೆ ಯಾರಾದ್ರೂ ಹುಳಿ ಹಾಕ್ತಾರೇನೇ?" ಅಂದಳು. ಅದೂ ನಿಜವೇ. ಟೊಮೇಟೊದ ಹುಳಿ ಬಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ.

ಎಲ್ಲ ಸೇರಿಸಿದ ಮೇಲೆ ಸಣ್ಣ ಉರಿಯ ಗುಂಡಿ ಒತ್ತಿ, ಎಂಟು ಗಂಟೆ ಆ ಕಡೆ ತಲೆ ಹಾಕಬೇಡಿ. ಮುಚ್ಚಳ ತೆಗೆದು ಇಣುಕಿದಷ್ಟೂ ಬಿಸಿ ಹೋಗುತ್ತದೆ. ಕೊನೆಯ ಅರ್ಧ ಗಂಟೆ ಇರುವಾಗ ಟಾರ್ಟಿಯಾ ಎಂಬ ತೆಳು ರೊಟ್ಟಿ ಮಾಡುವ ಮೆಕ್ಕೆಜೋಳದ ಹಿಟ್ಟು ಎರಡು ಚಮಚ ನೀರಲ್ಲಿ ಕದಡಿ ಹಾಕಿದರೆ ಗಟ್ಟಿಯಾಗುತ್ತದೆ. ತಿನ್ನುವುದು ಮರುದಿನವಾದರೆ ಇನ್ನೂ ರುಚಿ, ಹಳೇ ಹುಳಿಯ ಹಾಗೆ. ಜೊತೆಗೆ ಇಲ್ಲಿಯವರ ಕಾರ್ನ್‌ಬ್ರೆಡ್ ಸಿಹಿ. ನನ್ನ ಮತ ಅಕ್ಕಿರೊಟ್ಟಿಗೆ.

ಈ ಸಲದ ರಾಜ್ಯೋತ್ಸವದ ಮರುವಾರ ಪಾರ್ಕಿನಲ್ಲಿ ನಮ್ಮ ಕೂಟದ ಚಿಲಿ ಊಟ. ಪಾತ್ರೆ ತರುವವರು ಮುಚ್ಚಳದ ಮೇಲೆ ಚೀಟಿ ಅಂಟಿಸಿ: ಮಾಂಸ ಇದೆಯೋ, ಯಾವ ಮಾಂಸ, ರಾಜ್ಮಾ ಕುದಿಸಿದ್ದೋ ಡಬ್ಬಿಯದೋ. ಕಳೆದ ವರ್ಷ ಚೀಟಿಯಿಲ್ಲದ ಮೂರು ಪಾತ್ರೆ ಸಂಜೆಯವರೆಗೂ ಹಾಗೇ ಕೂತಿದ್ದವು. ಅದರಲ್ಲಿ ಒಂದು ನನ್ನದು.